ಚೀಟಿಯಿಲ್ಲದ ಮನೆ

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ವಾರ ತಡವಾಗಿ. ಅವರ ತಂಗಿಯ ಮಗ ಒಂದು ಇನ್‌ಲ್ಯಾಂಡ್ ಪತ್ರ ಬರೆದಿದ್ದ. ಮಾವನವರ ಪುಸ್ತಕವೊಂದರಲ್ಲಿ ನಿಮ್ಮ ವಿಳಾಸ ಸಿಕ್ಕಿತು, ತಿಳಿಸುವುದು ಧರ್ಮ ಎಂದು ತಿಳಿಸುತ್ತಿದ್ದೇನೆ, ಎಂದು ನಾಲ್ಕು ಸಾಲು. ಉಳಿದ ಜಾಗವೆಲ್ಲ ಖಾಲಿ. ಪಾಪ, ಆ ಹುಡುಗನಾದರೂ ಇನ್ನೇನು ಬರೆದಾನು?

"ಯಾರದು?" ಎಂದಳು ನನ್ನ ಹೆಂಡತಿ.

"ಮಡಿಕೇರೀಲಿ ನನ್ನ ಜೊತೆ ಕೆಲಸ ಮಾಡ್ತಿದ್ದ ಮೇಷ್ಟ್ರು" ಎಂದೆ. ಅವಳು "ಅಯ್ಯೋ" ಎಂದು ಒಂದು ಗಳಿಗೆ ನಿಂತು, ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಒಳಗೆ ಹೋದಳು. ಅವಳನ್ನು ದೂರಿ ಪ್ರಯೋಜನವಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವರ ಸುದ್ದಿಯನ್ನು ಅವಳ ಮುಂದೆ ಎತ್ತಿದವನೇ ಅಲ್ಲ. ಹಾಗೆ ಎತ್ತದೆ ಇದ್ದುದಕ್ಕೆ ಕಾರಣವಿತ್ತು. ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಹೆಸರು ಹಾಕಿದರೆ ಅವರನ್ನು ಹೊಗಳಬೇಕಾಗುತ್ತದೆ, ಹೊಗಳಿಕೆ ಅವರಿಗೆ ಆಗಿಬರುತ್ತಿರಲಿಲ್ಲ.

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯಲ್ಲಿ ಒಂದು ಪುಟ್ಟ ಚಿತ್ರಕಲಾ ಶಾಲೆಯಿತ್ತು. ಮೂರು ಕೋಣೆ, ಒಂದು ಉಗ್ರಾಣ, ಇಬ್ಬರು ಮೇಷ್ಟ್ರು. ನಾನು ಹೂವು, ಹಣ್ಣು, ಹೂಜಿ ಬರೆಯುವುದನ್ನು ಕಲಿಸುತ್ತಿದ್ದೆ. ಅವರು ಕಟ್ಟಡದ ನಕ್ಷೆ ಕಲಿಸುತ್ತಿದ್ದರು. ನನಗೆ ಇಪ್ಪತ್ತಮೂರು, ಅವರಿಗೆ ಐವತ್ತು ದಾಟಿತ್ತು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ, ಹಾರಂಗಿ ಹೊಳೆಯ ಪಕ್ಕ, ಜಮೀನು ಮಾಡಿಕೊಂಡಿದ್ದವರು. ಮಗ ಹೂಜಿ ಬರೆದು ಸಂಬಳ ತರುತ್ತಾನೆ ಎಂಬುದನ್ನು ಅವರು ಕೊನೆಯವರೆಗೂ ಪೂರ್ತಿ ನಂಬಲಿಲ್ಲ. ಮೇಷ್ಟ್ರು ಕರಾವಳಿಯವರು. ಮಡಿಕೇರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮಾತಿನಲ್ಲಿ ಕಡಲ ಕಡೆಯ ರಾಗ ಹಾಗೇ ಉಳಿದಿತ್ತು.

ನಾನು ಕೆಲಸಕ್ಕೆ ಸೇರಿದ ದಿನ ಅವರು ನನ್ನ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಊಟಕ್ಕೆ ಎಲ್ಲಿ ಮಾಡಿಕೊಂಡಿದ್ದೀರಿ ಎಂದೂ ಕೇಳಲಿಲ್ಲ. ಸೀದಾ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಮರದ ಹಲಗೆಗಳು. ಅವುಗಳ ಮೇಲೆ ಸಾಲಾಗಿ ರಟ್ಟಿನ, ಬಿದಿರಿನ, ಹಗುರ ಮರದ ಪುಟ್ಟ ಪುಟ್ಟ ಕಟ್ಟಡಗಳು. ಆಸ್ಪತ್ರೆ, ಬಸ್ ಸ್ಟ್ಯಾಂಡು, ಶಾಲೆ, ಎಸ್ಟೇಟಿನ ಕೂಲಿಯಾಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳು, ಕಾಫಿ ಗೋದಾಮು. ಕೆಳಗೆ ಸುರುಳಿ ಸುತ್ತಿಟ್ಟ ನಕ್ಷೆಗಳು. ಎಲ್ಲವೂ ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಮಾಡಿಟ್ಟು ಹೋದವು. ಹೆಚ್ಚಿನ ಮಾದರಿಗಳ ಬುಡಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ ಒಂದೊಂದು ಚೀಟಿ.

"ಇದನ್ನು ನೋಡಿ. ತಪ್ಪು ಎಲ್ಲಿ ಉಂಟು ಹೇಳಿ" ಎಂದು ಒಂದು ಶಾಲೆಯ ಮಾದರಿಯನ್ನು ನನ್ನ ಮುಂದಿಟ್ಟರು. ಅದಕ್ಕೆ ಇನ್ನೂ ಚೀಟಿ ಬಿದ್ದಿರಲಿಲ್ಲ.

"ನಾನು ಮೇಷ್ಟ್ರು ಸಾರ್, ಸ್ಟೂಡೆಂಟಲ್ಲ" ಎಂದೆ.

"ಮೇಷ್ಟ್ರಿಗೆ ಕಣ್ಣು ಇಲ್ವಾ ಮಾರಾಯ್ರೆ?"

ಅವರ ಕ್ರಮವೇ ಹಾಗೆ. ಹೊಸ ವಿದ್ಯಾರ್ಥಿ ಬಂದರೆ ಮೊದಲ ಒಂದು ತಿಂಗಳು ಪೆನ್ಸಿಲ್ ಮುಟ್ಟುವಂತಿಲ್ಲ. ಹಿಂದಿನ ವರ್ಷದವರು ಮಾಡಿದ ಒಂದು ಮಾದರಿ ತೆಗೆದುಕೊಂಡು ಅದರ ಮುಂದೆ ಕೂರಬೇಕು, ಅದರೊಳಗೆ ಬಾಳಿ ನೋಡಬೇಕು, ತಪ್ಪು ಹುಡುಕಿ ಚೀಟಿಯಲ್ಲಿ ಬರೆದು ಕೆಳಗೆ ತನ್ನ ಹೆಸರು ಹಾಕಿ ಚುಚ್ಚಬೇಕು. ಕೋರ್ಸು ಮುಗಿದಾಗ ತಾನೂ ಒಂದು ಮಾದರಿ ಮಾಡಿ ಮುಂದಿನವರಿಗೆ ಬಿಟ್ಟು ಹೋಗಬೇಕು. ಬಾಳಿ ನೋಡುವುದಕ್ಕೆಂದೇ ಅವರ ಕೋಟಿನ ಜೇಬಿನಲ್ಲಿ ಒಂದು ಬೆಂಕಿಪೊಟ್ಟಣವಿರುತ್ತಿತ್ತು. ಅದರೊಳಗೆ ಬಿದಿರು ಸೀಳಿ ಕೆತ್ತಿದ, ಮಾದರಿಗಳ ಅಳತೆಗೆ ಸರಿಯಾದ ಒಬ್ಬ ಕಡ್ಡಿ ಮನುಷ್ಯ. ಅವನನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲಿಂದ ಒಳಗೆ ನಡೆಸುತ್ತ ಅವರು ಹೇಳುತ್ತಿದ್ದರು: "ಇವನಿಗೆ ಈಗ ಬಾಯಾರಿಕೆ. ನೀರು ಎಲ್ಲಿ ಉಂಟು? ಇವನಿಗೆ ಜ್ವರ. ಎಲ್ಲಿ ಮಲಗ್ತಾನೆ? ಮಲಗಿದವನಿಗೆ ಗಂಜಿ ಯಾವ ದಾರೀಲಿ ಬರ್ತದೆ?" ಹುಡುಗರು ಮೊದಲು ಕಿಸಕ್ಕನೆ ನಗುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅವರೇ ಆ ಕಡ್ಡಿಗಾಗಿ ಜಗಳವಾಡುತ್ತಿದ್ದರು.

ಆ ಚೀಟಿಗಳನ್ನು ಓದುವುದೇ ನನಗೊಂದು ಹೊತ್ತು ಕಳೆಯುವ ದಾರಿಯಾಯಿತು. ಆಸ್ಪತ್ರೆಯ ಚೀಟಿಯಲ್ಲಿ, "ಹೆಣ ಹೊರಗೆ ಹೋಗುವ ಬಾಗಿಲಲ್ಲೇ ಹೆರಿಗೆಯವರು ಒಳಗೆ ಬರಬೇಕು." ಬಸ್ ಸ್ಟ್ಯಾಂಡಿನದರಲ್ಲಿ, "ನಮ್ಮಲ್ಲಿ ಮಳೆ ಪಡುವಣದಿಂದ ಹೊಡೆಯುತ್ತದೆ. ಬೆಂಚು ಪಡುವಣಕ್ಕೇ ಮುಖ ಮಾಡಿದೆ. ಕೂತವರು ನೆನೆಯುತ್ತಾರೆ." ಲೈನ್ ಮನೆಯದರಲ್ಲಿ, "ಆರು ಮನೆಗೆ ಒಂದೇ ಕಕ್ಕಸು. ಅದೂ ಗಾಳಿ ಬರುವ ಕಡೆ." ನನಗೆ ಕೊಟ್ಟಿದ್ದ ಶಾಲೆಯಲ್ಲಿ ನಾನು ಎರಡು ದಿನ ತಿಣುಕಿ ಕಂಡುಹಿಡಿದದ್ದು, ಮೇಷ್ಟ್ರು ಕರಿಹಲಗೆಯ ಮುಂದೆ ನಿಂತರೆ ಕಿಟಕಿಯ ಬೆಳಕಿಗೆ ಅಡ್ಡವಾಗಿ ಬರೆದದ್ದು ಯಾರಿಗೂ ಕಾಣುವುದಿಲ್ಲ ಎಂದು. ಚೀಟಿ ಓದಿ ಅವರು ನಕ್ಕರು. ಅವರು ನಗುವುದೇ ಅಪರೂಪ. ಆ ಮಧ್ಯಾಹ್ನ ನನ್ನನ್ನು ಹೋಟೆಲಿಗೆ ಕರೆದೊಯ್ದು ಇಡ್ಲಿ ತಿನ್ನಿಸಿದರು.

ತಪ್ಪು ಹಿಡಿದರೆ ಅವರಿಗೆ ಸಂತೋಷ. ಅದು ತಮಾಷೆಯಲ್ಲ, ನಿಜವಾದ ಸಂತೋಷ. "ತಪ್ಪು ಕಂಡ ಅಂದ್ರೆ ಅವ ಒಳಗೆ ಹೋಗಿ ಬಂದಿದ್ದಾನೆ ಅಂತ ಅರ್ಥ" ಎನ್ನುತ್ತಿದ್ದರು. "ಚೆನ್ನಾಗಿದೆ ಅಂತ ರಸ್ತೆಯಲ್ಲಿ ನಿಂತೂ ಹೇಳ್ಬಹುದು."

ಸಾಲಿನ ಕೊನೆಯಲ್ಲಿ, ಕಿಟಕಿಯ ಹತ್ತಿರ, ಚೀಟಿಯೇ ಇಲ್ಲದ ಒಂದು ಮನೆಯಿತ್ತು. ಬಣ್ಣ ಮಾಸಿದ ಹಳೆಯ ಮರದ ಮಾದರಿ. ಕೆಂಪು ಹಂಚಿನಂತೆ ಬಳಿದ ಮಾಡನ್ನು, ಎಂದರೆ ಛಾವಣಿಯನ್ನು, ಮುಚ್ಚಳದ ಹಾಗೆ ಎತ್ತಿ ಒಳಗನ್ನು ನೋಡಬಹುದಿತ್ತು. ಅದು ಮೇಷ್ಟ್ರು ತಾವು ಮದರಾಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆ ಮಾಡಿದ್ದು. ನೀನು ವಾಸಮಾಡಬೇಕೆಂದಿರುವ ಮನೆ ಎಂದು ಪ್ರಶ್ನೆಯಿತ್ತಂತೆ. ಅಡಿಯಲ್ಲಿ ಅಲ್ಲಿನ ಗುರುಗಳು ಕೆಂಪು ಶಾಯಿಯಲ್ಲಿ "ಉತ್ತಮ" ಎಂದು ಬರೆದು ಸಹಿ ಹಾಕಿದ್ದರು. ಇವರು ಪ್ರತಿ ವರ್ಷದ ವಿದ್ಯಾರ್ಥಿಗಳಿಗೂ "ಅದನ್ನೂ ನೋಡಿ" ಎಂದು ಹೇಳುವರು. ಅವರೂ ಮಾಡೆತ್ತಿ, ಕಡ್ಡಿ ಮನುಷ್ಯನನ್ನು ಎರಡು ಸುತ್ತು ಓಡಾಡಿಸಿ, "ಏನೂ ಕಾಣಲಿಲ್ಲ ಸಾರ್" ಎಂದು ಕೈಮುಗಿಯುವರು. ಗುರುಗಳ ಮನೆಗೆ ಸೂಜಿ ಚುಚ್ಚುವವರು ಯಾರು? ನಮ್ಮ ಕಡೆ ಅಂಥ ಎದೆಗಾರಿಕೆ ಹುಟ್ಟುವುದಿಲ್ಲ. ಅವರಿಗೆ ಆ ಚೀಟಿ ಬೇಕಾಗಿತ್ತು ಎಂಬುದು ನನಗೆ ಮೊದಲ ವರ್ಷವೇ ಗೊತ್ತಾಗಿತ್ತು. ಹುಡುಗರು ಆ ಮನೆಯ ಮುಂದೆ ಕೂತಾಗ ಅವರು ಪಾಠ ಮಾಡುತ್ತಿದ್ದರೂ ಕಣ್ಣು ಉಗ್ರಾಣದ ಬಾಗಿಲ ಕಡೆಗೇ ಇರುತ್ತಿತ್ತು.

ಅವರಿದ್ದದ್ದು ಒಂದು ಜವಳಿ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ. ಮದುವೆಯಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಒಮ್ಮೆ ಧೈರ್ಯಮಾಡಿ "ಮನೆಯವರು ಸಾರ್?" ಎಂದು ಕೇಳಿದ್ದೆ. "ಊರಲ್ಲಿ ತಂಗಿ ಇದ್ದಾಳೆ" ಎಂದು ಬೇರೆ ಮಾತು ತೆಗೆದರು. ಭಾನುವಾರ ಊರೆಲ್ಲ ಮಲಗಿದ್ದರೆ ಅವರು ಉಗ್ರಾಣದ ಬೀಗ ತೆಗೆದು ಒಳಗಿರುವರು. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಒಂದು ಇದ್ದಿಲ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಇಲ್ಲದಿದ್ದರೆ ಮಡಿಕೇರಿಯ ತೇವಕ್ಕೆ ಅಂಟು ಬಿಟ್ಟು ಗೋಡೆಗಳು ಮಗುಚುತ್ತಿದ್ದವು, ನಕ್ಷೆಗಳಿಗೆ ಬೂಷ್ಟು ಹಿಡಿಯುತ್ತಿತ್ತು. ತಮ್ಮ ಕೋಣೆಯಲ್ಲಿ ಬೆಂಕಿಯಿಲ್ಲದ ಮನುಷ್ಯ, ರಟ್ಟಿನ ಮನೆಗಳಿಗೆ ಬೆಂಕಿ ಕಾಯಿಸುತ್ತ ಕೂರುತ್ತಿದ್ದರು.

ಒಂದು ಸಲ ಎರಡು ದಿನ ಶಾಲೆಗೆ ಬರಲಿಲ್ಲ. ನಾನು ಅವರ ಕೋಣೆಗೆ ಹೋದೆ. ಅಂಗಡಿ ಮುಚ್ಚಿತ್ತು. ಹಿಂದಿನ ಅವರ ಕೋಣೆಗೆ ಹೋಗುವ ಓಣಿಯ ಬಾಗಿಲಲ್ಲಿ ನಿಂತು ನಾಲ್ಕೈದು ಸಲ ಕೂಗಿದೆ, ಬಾಗಿಲು ತಟ್ಟಿದೆ. ಸದ್ದಿಲ್ಲ. ಊರಿಗೆ ಹೋಗಿರಬೇಕು ಎಂದುಕೊಂಡು ತಿರುಗಿ ಬಂದೆ. ಮೂರನೆಯ ದಿನ ಬಂದರು, ಮುಖ ಇಳಿದುಹೋಗಿತ್ತು. ಜ್ವರವಂತೆ. ಒಳಗೇ ಇದ್ದರಂತೆ. "ಕೂಗಿದ್ದು ಕೇಳಲಿಲ್ಲ ಮಾರಾಯ್ರೆ" ಎಂದರು. ಎರಡು ದಿನ ಅವರಿಗೆ ಗಂಜಿ ಕೊಟ್ಟವರು ಯಾರು ಎಂದು ನಾನು ಕೇಳಲಿಲ್ಲ.

ಕೊಡಗು ಮೈಸೂರಿಗೆ ಸೇರುವುದು ಖಾತ್ರಿಯಾದ ಮೇಲೆ ನಮ್ಮ ಶಾಲೆಯ ಪ್ರಶ್ನೆ ಬಂತು. ಶಾಲೆ ಮುಚ್ಚುತ್ತದೆ, ಕಟ್ಟಡ ಬೇರೆ ಕಚೇರಿಗೆ ಹೋಗುತ್ತದೆ, ಇಟ್ಟುಕೊಳ್ಳಲು ಯೋಗ್ಯವಾದ ಸಾಮಾನುಗಳನ್ನು ಮೈಸೂರಿನ ದೊಡ್ಡ ಶಾಲೆಯೊಂದಕ್ಕೆ ಸಾಗಿಸುತ್ತಾರೆ, ಪಟ್ಟಿ ಮಾಡಲು ಒಬ್ಬ ಅಧಿಕಾರಿ ಬರುತ್ತಾರೆ ಎಂದು ಕಾಗದ ಬಂತು. ಮೇಷ್ಟ್ರಿಗೆ ತಮ್ಮ ಕೆಲಸದ ಚಿಂತೆಗಿಂತ ಉಗ್ರಾಣದ ಚಿಂತೆ.

"ಸಾರ್, ಒಂದು ಮಾತು" ಎಂದೆ. "ಈ ಚೀಟಿಗಳನ್ನೆಲ್ಲ ತೆಗೆದುಬಿಡೋಣ. ಅವರು ಬಂದು ಹೋಗೋ ತನಕ. ಅವರು ತಪ್ಪು, ತಪ್ಪು ಅಂತ ಓದ್ತಾ ಹೋದ್ರೆ ಏನಂದ್ಕೋತಾರೆ?"

"ಚೀಟಿ ತೆಗೆದ್ರೆ ಮತ್ತೆ ಎಂತ ಉಳೀತದೆ? ಮಕ್ಕಳ ಆಟದ ಸಾಮಾನು."

"ಆಮೇಲೆ ಚುಚ್ಚಬಹುದಲ್ಲ ಸಾರ್."

"ಬೇಡ" ಎಂದರು. ಅವರು ಬೇಡ ಎಂದರೆ ಮುಗಿಯಿತು.

ಬಂದ ಅಧಿಕಾರಿ ಒಳ್ಳೆಯವರೇ. ಕೂತು ಕಾಫಿ ಕುಡಿದರು, ಮಡಿಕೇರಿಯ ಚಳಿಯನ್ನು ಹೊಗಳಿದರು. ಆಮೇಲೆ ಉಗ್ರಾಣದಲ್ಲಿ ಒಂದೊಂದೇ ಚೀಟಿ ಬಗ್ಗಿ ಓದುತ್ತ ಹೋದರು. ಹಿಂದೆ ಗುಮಾಸ್ತ ಬರೆದುಕೊಳ್ಳುತ್ತ ಹೋದ. ನಾಲ್ಕನೆಯ ಮಾದರಿಯ ಹೊತ್ತಿಗೆ ಅವರ ಹುಬ್ಬು ಗಂಟಾಯಿತು.

"ಎಲ್ಲದರಲ್ಲೂ ತಪ್ಪಿದೆ ಅಂತ ನೀವೇ ಬರೆದಿಟ್ಟಿದ್ದೀರಲ್ಲ ಮೇಷ್ಟ್ರೇ?"

ಮೇಷ್ಟ್ರು ತಮ್ಮ ಕ್ರಮವನ್ನು ವಿವರಿಸಿದರು. ಬೆಂಕಿಪೊಟ್ಟಣ ತೆಗೆದು ಕಡ್ಡಿ ಮನುಷ್ಯನನ್ನೂ ತೋರಿಸಿದರು. ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದ. ನನಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

"ಪಾಠಕ್ಕೆ ಸರಿ" ಎಂದರು ಅಧಿಕಾರಿ. "ಆದ್ರೆ ತಪ್ಪು ಅಂತ ಗೊತ್ತಿದ್ದೂ ನಾನು ಸಾಗಿಸಿ ಅಂತ ಬರೆಯೋದು ಹೇಗೆ? ನಾಳೆ ನನ್ನನ್ನ ಕೇಳ್ತಾರೆ." ಸಾಲಿನ ಕೊನೆಗೆ ಬಂದು ಚೀಟಿಯಿಲ್ಲದ ಮನೆಯ ಮುಂದೆ ನಿಂತು ಅವರ ಮುಖ ಅರಳಿತು. "ಇದು ಚೆನ್ನಾಗಿದೆ. ಇದನ್ನ ಕಳಿಸಿಕೊಡಿ."

"ಅದು ಶಾಲೆಯದ್ದಲ್ಲ, ನನ್ನದು" ಎಂದರು ಮೇಷ್ಟ್ರು.

ಅಲ್ಲಿಗೆ ಉಗ್ರಾಣದಲ್ಲಿ ಸಾಗಿಸುವಂಥದ್ದು ಏನೂ ಇಲ್ಲವೆಂದಾಯಿತು. ಹರಾಜು ಹಾಕುವಷ್ಟು ಬೆಲೆಯಿಲ್ಲ, ಸುಟ್ಟುಹಾಕಬಹುದು ಎಂದು ಬಾಯಿಮಾತಿನಲ್ಲಿ ಹೇಳಿ ಅವರು ಜೀಪು ಹತ್ತಿದರು. ಮೇಷ್ಟ್ರು ಸುಡಲಿಲ್ಲ. ಹಳೆಯ ಹಾಜರಿ ಪುಸ್ತಕಗಳನ್ನು ತೆಗೆದು ವಿಳಾಸಗಳನ್ನು ಬರೆದುಕೊಂಡರು. ಮಾಡಿದವರ ಮನೆಗೇ ಮುಟ್ಟಿಸುವುದು ಎಂದು ನಿಶ್ಚಯಿಸಿದರು.

ಮುಂದಿನ ಹಲವು ವಾರ ನಾವಿಬ್ಬರೂ ರಜೆಯ ದಿನಗಳಲ್ಲಿ ಬಸ್ಸಿನಲ್ಲಿ ತೊಡೆಯ ಮೇಲೆ ಆಸ್ಪತ್ರೆ, ಗೋದಾಮುಗಳನ್ನಿಟ್ಟುಕೊಂಡು ಕೊಡಗೆಲ್ಲ ಸುತ್ತಿದೆವು. ಕುಶಾಲನಗರದ ಹತ್ತಿರ ಒಬ್ಬ ಹುಡುಗ ಮಿಲಿಟರಿಗೆ ಸೇರಿಬಿಟ್ಟಿದ್ದ. ಅವನ ತಾಯಿ ಬಸ್ ಸ್ಟ್ಯಾಂಡನ್ನು ಎರಡು ಕೈಯಲ್ಲಿ ಹಿಡಿದು, ನಾಲ್ಕೂ ಕಡೆ ತಿರುಗಿಸಿ, "ಎಲ್ಲಾ ಚೆಂದಾಗೈತೆ, ಬಸ್ಸೇ ಇಲ್ವಲ್ಲ ಬುದ್ಧೀ?" ಎಂದಳು. ಮೇಷ್ಟ್ರು ಕೂಡಲೇ ಜೇಬಿನಿಂದ ಚೀಟಿ ತೆಗೆದು, "ಬಸ್ಸು ಇಲ್ಲ" ಎಂದು ಬರೆದು, ಅವಳ ಹೆಸರು ಕೇಳಿ ಕೆಳಗೆ ಹಾಕಿ ಚುಚ್ಚಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಮಾತ್ರ ನಗಲಿಲ್ಲ.

ಶ್ರೀಮಂಗಲಕ್ಕೆ ಲೈನ್ ಮನೆಯ ಮಾದರಿ ತೆಗೆದುಕೊಂಡು ಹೋಗಿದ್ದೆವು. ಅದನ್ನು ಮಾಡಿದವನು ಭಾಗಮಂಡಲದ ಕಡೆಯ ಗೌಡರ ಹುಡುಗ, ಅಲ್ಲಿನ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ. ನಮ್ಮನ್ನು ನೋಡಿ ಅಂಗಳಕ್ಕೆ ಓಡಿಬಂದ. ಒಳಗೆ ಹೆಂಡತಿಗೆ ಅರೆಭಾಷೆಯಲ್ಲಿ "ಕಾಫಿ ಮಾಡ್, ನಮ್ಮ ಮೇಷ್ಟ್ರು ಬಂದೊಳೊ" ಎಂದು ಕೂಗಿದ. "ಕಾಫಿ ಹಣ್ಣಿನ ಪಿಕಿಂಗ್ ಶುರುವಾಗಿದ್ರೆ ನಾನು ಸಿಗ್ತಾನೇ ಇರ್ಲಿಲ್ಲ ಸಾರ್" ಎಂದ. ಮಾದರಿಯನ್ನು ಮೇಜಿನ ಮೇಲಿಟ್ಟುಕೊಂಡು ಬುಡದ ಚೀಟಿಯನ್ನು ಓದಿದ. ಅವನ ಮುಖದ ನಗು ನಿಂತಿತು.

"ಆರು ಮನೆಗೆ ಒಂದೇ ಕಕ್ಕಸು ತಪ್ಪು ಅಂತ ಬರೆದಿದ್ದಾನೆ. ಇಲ್ಲಿ ಇಪ್ಪತ್ತು ಮನೆಗೆ ಒಂದೂ ಇಲ್ಲ ಸಾರ್. ದಿನಾ ನೋಡ್ತೀನಿ. ನೋಡಿ ನೋಡಿ ಕಾಣೋದೇ ನಿಂತುಹೋಗಿತ್ತು."

ಬರುವಾಗ ಬಸ್ಸು ಗೋಣಿಕೊಪ್ಪ ದಾಟಿತು. ಮೇಷ್ಟ್ರು, "ಈ ಹುಡುಗ ಧಣಿಯನ್ನು ಕೇಳ್ತಾನೆ, ನೋಡಿ" ಎಂದರು. ಕೇಳಿದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಎಲ್ಲ ಕಡೆಯೂ ಹೀಗಾಗಲಿಲ್ಲ. ಕೆಲವು ಮನೆಗೆ ಬೀಗ. ಕೆಲವರು ಅಂಗಳದಲ್ಲೇ ನಿಲ್ಲಿಸಿ ತೆಗೆದುಕೊಂಡರು. ಒಬ್ಬ, ಇದನ್ನು ಎಲ್ಲಿಡಲಿ ಎಂದು ನಮ್ಮೆದುರಿಗೇ ಗೊಣಗಿದ. ಮೇಷ್ಟ್ರು ಎಲ್ಲರಿಗೂ ಕೈಮುಗಿದು ಬಂದರು.

ಕೊನೆಯ ದಿನ ಉಗ್ರಾಣ ಬರಿದಾಗಿತ್ತು. ಹಲಗೆಗಳ ಮೇಲೆ ಧೂಳಿನ ನಡುವೆ ಚೌಕ ಚೌಕ ಗುರುತುಗಳು ಮಾತ್ರ. ಅವರ ಮನೆಯೊಂದು ಉಳಿದಿತ್ತು. ಅದನ್ನು ಕಿಟಕಿಯ ಬೆಳಕಿಗೆ ತಂದಿಟ್ಟು ನನ್ನನ್ನು ಕರೆದರು. ಮಧ್ಯಾಹ್ನದ ಮಂಗಳೂರು ಬಸ್ಸಿಗೆ ಅವರು ತಮ್ಮ ಊರಿಗೆ ಹೊರಡುವವರಿದ್ದರು.

"ಎಲ್ಲರದ್ದೂ ಹೋಯಿತು ಮಾರಾಯ್ರೆ. ಇದೊಂದನ್ನು ನೀವು ನೋಡಿ" ಎಂದು ಕಡ್ಡಿ ಮನುಷ್ಯನನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ನಾನು ಮಾಡು ತೆಗೆದೆ. ಕಡ್ಡಿ ಮನುಷ್ಯನನ್ನು ಮೆಟ್ಟಿಲು ಹತ್ತಿಸಿದೆ, ಜಗಲಿ ದಾಟಿಸಿದೆ, ಪಡಸಾಲೆಗೆ ಕರೆತಂದೆ. ಅಲ್ಲಿಂದ ಒಂದು ಉದ್ದದ ಓಣಿ, ಓಣಿಯ ಕೊನೆಗೆ ಓದುವ ಕೋಣೆ. ಮನೆಗೆಲ್ಲ ಚೆಂದದ ಕೋಣೆ ಅದು. ಮೂರು ಕಡೆ ಕಿಟಕಿ, ಹಿಂದೆ ತೋಟ. ಮನೆಯ ಯಜಮಾನ ಇಲ್ಲೇ ಇರುತ್ತಾನೆ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಅವನನ್ನು ಅಲ್ಲಿ ಕೂರಿಸಿ ಮುಂಬಾಗಿಲ ಕಡೆ ನೋಡಿದೆ. ಬಾಗಿಲು ಕಾಣಿಸಲಿಲ್ಲ. ನಡುವೆ ನಾಲ್ಕು ಗೋಡೆ. ಅಡುಗೆಮನೆಯಿಂದ ನೋಡಿದೆ, ಮಲಗುವ ಕೋಣೆಯಿಂದ ನೋಡಿದೆ. ಎಲ್ಲಿಂದಲೂ ಮುಂಬಾಗಿಲಿಗೆ ಬಂದವರು ಕಾಣುವುದಿಲ್ಲ. ಕರೆದರೆ ಕೇಳಿಸುವುದೂ ಇಲ್ಲ. ಬಂದವರು ನಾಲ್ಕೈದು ಸಲ ಕೂಗಿ, ಯಾರೂ ಇಲ್ಲವೆಂದು ತಿರುಗಿ ಹೋಗುತ್ತಾರೆ.

ಅಂದು ಅಂಗಡಿಯ ಓಣಿಯ ಬಾಗಿಲಲ್ಲಿ ನಿಂತು ನಾನು ಕೂಗಿದ್ದು, ಒಳಗೆ ಅವರು ಜ್ವರದಲ್ಲಿ ಬಿದ್ದಿದ್ದು ಕಣ್ಣಿಗೆ ಕಟ್ಟಿತು. ಇಪ್ಪತ್ತರ ಹರೆಯದಲ್ಲಿ ಇಂಥ ಮನೆ ಬೇಕೆಂದು ಬರೆದ ಮನುಷ್ಯನಿಗೆ, ಇಂಥದ್ದೇ ಬಾಳು ಬಾಳಿ ಮುದುಕನಾಗುತ್ತಿರುವವರಿಗೆ, ಕೊನೆಯ ದಿನ, ಬಸ್ಸಿಗೆ ಒಂದು ಗಂಟೆ ಇರುವಾಗ, ಇದನ್ನು ಬರೆದು ಚುಚ್ಚುವುದು ಹೇಗೆ? ತಿರುಗಿ ನೋಡಿದೆ. ಅವರ ಕೈಯಲ್ಲಿ ಆಗಲೇ ಕತ್ತರಿಸಿದ ಒಂದು ಬಿಳಿ ಚೀಟಿ, ಚೂಪು ಮಾಡಿದ ಪೆನ್ಸಿಲು.

"ಎಂತ ಕಂಡಿತು?"

"ಏನೂ ಇಲ್ಲ ಸಾರ್" ಎಂದೆ. "ಚೆನ್ನಾಗಿದೆ."

"ಸರಿಯಾಗಿ ನೋಡಿದ್ರಾ?"

"ನೋಡಿದೆ ಸಾರ್."

"ಹಾಂ" ಎಂದರು. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮಾಡನ್ನು ಮುಚ್ಚಿ ಬಟ್ಟೆಯಿಂದ ಒರೆಸಿದರು. ಬಸ್ಸಿನಲ್ಲಿ ಕಂಡಕ್ಟರು ಅದನ್ನು ಮೇಲೆ ಹಾಕಿ ಎಂದ. ಒಪ್ಪದೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಊರಿಗೆ ಬರ್ತೀನಿ ಸಾರ್, ಎಂದೆ. ತಲೆಯಾಡಿಸಿದರು. ಬಸ್ಸು ಹೊರಟ ಮೇಲೆ ನನಗೆ ಒಂದು ರೀತಿಯ ಸಮಾಧಾನವೇ ಆಯಿತು, ಅವರ ಮನಸ್ಸು ನೋಯಿಸಲಿಲ್ಲವಲ್ಲ ಎಂದು. ಎಂಥ ಮೂರ್ಖ ನಾನು!

ನನಗೆ ಹಾಸನದ ಹೈಸ್ಕೂಲೊಂದರಲ್ಲಿ ಕೆಲಸವಾಯಿತು. ಅಲ್ಲಿ ಒಂದು ದಿನ ನಾನು ಬರೆದ ಚಿತ್ರವೊಂದನ್ನು ಸಹೋದ್ಯೋಗಿಗಳಿಗೆ ತೋರಿಸಿದೆ. ನಾಲ್ಕೂ ಜನ ಒಂದು ಕ್ಷಣ ನೋಡಿ, ಚೆನ್ನಾಗಿದೆ, ಚೆನ್ನಾಗಿದೆ, ಎಂದು ಕೊಟ್ಟು ಚಹಾ ಕುಡಿಯಲು ಹೋದರು. ಚಿತ್ರ ಹಿಡಿದುಕೊಂಡು ನಾನೊಬ್ಬನೇ ನಿಂತಿದ್ದೆ. ನಾನು ಮೇಷ್ಟ್ರಿಗೆ ಮಾಡಿದ್ದೇನು ಎಂಬುದು ನನಗೆ ಆಗ ತಿಳಿಯಿತು. ಅವರು ಮಡಿಕೇರಿ ಬಿಟ್ಟು ಎಂಟು ತಿಂಗಳಾಗಿತ್ತು. ಆ ಸಂಜೆಯೇ ಒಂದು ಕಾರ್ಡು ಬರೆದೆ. ಕ್ಷೇಮ ಸಮಾಚಾರ ಏನೂ ಇಲ್ಲ, ಚೀಟಿಯ ಕ್ರಮದಲ್ಲೇ ಬರೆದೆ: "ಮುಂಬಾಗಿಲಿಗೆ ಬಂದವರು ಒಳಗಿರುವವರಿಗೆ ಕಾಣುವುದಿಲ್ಲ. ಕರೆದರೆ ಕೇಳುವುದಿಲ್ಲ. ಬಂದವರು ತಿರುಗಿ ಹೋಗುತ್ತಾರೆ." ಕೆಳಗೆ ನನ್ನ ಹೆಸರು.

ಹತ್ತು ದಿನಕ್ಕೆ ಉತ್ತರ ಬಂತು. ನಕ್ಷೆಯ ಮೇಲೆ ಬರೆಯುವಂಥ ಅವರ ನೆಟ್ಟಗಿನ ಅಕ್ಷರ.

"ನಿಮ್ಮ ಚೀಟಿ ಸಿಕ್ಕಿತು. ಸರಿಯಾಗಿದೆ. ಇದು ನಿಮಗೆ ಆವತ್ತೇ ಕಂಡಿತ್ತು, ಅಲ್ಲವೇ?"

ಕಂಡಿತ್ತು. ಹಾಗೆಂದು ಒಂದು ಸಾಲು ಬರೆಯಬಹುದಿತ್ತು, ಇಲ್ಲವೇ ಬಸ್ಸು ಹತ್ತಿ ಹೋಗಿ ಅವರ ಮುಂದೆ ನಿಂತು ಹೇಳಬಹುದಿತ್ತು. ನನಗೆ ಮುಖವಿರಲಿಲ್ಲ. ಇವತ್ತು ಬರೆಯೋಣ, ಬರುವ ರಜೆಯಲ್ಲಿ ಹೋಗೋಣ ಎಂದುಕೊಳ್ಳುತ್ತ ಹನ್ನೊಂದು ವರ್ಷ ಕಳೆದೆ. ಅಷ್ಟೂ ವರ್ಷ ಅವರೂ ಇನ್ನೊಂದು ಕಾರ್ಡು ಬರೆಯಲಿಲ್ಲ.